ಹಿಪ್ಪುನೇರಳೆ ಕಡ್ಡಿಯ ಅಜ್ಜ

ಹುಂಜ ಬೆಂದಿತ್ತು, ಆದರೆ ಕತ್ತು ವಾಲಿಬಿಟ್ಟಿತ್ತು. ಎಡೆಗೆ ಇಡುವ ಹುಂಜದ ಕತ್ತು ನೆಟ್ಟಗಿರಬೇಕು, ರೆಕ್ಕೆ ಹಿಂದಕ್ಕೆ ಮಡಚಿರಬೇಕು, ಕೊಕ್ಕಿನಲ್ಲಿ ಕೆಂಪು ಗುಲಾಬಿ ಇರಬೇಕು. ಇದೆಲ್ಲ ಲುವಾಳಿಗೆ ಲಂಗ ಹಾಕುವ ವಯಸ್ಸಿನಿಂದ ಗೊತ್ತು. ಆದರೂ ಇವತ್ತು ದಾರ ಕಟ್ಟುವಾಗ ಕೈಯೊಂದು ಕಡೆ ಮನಸ್ಸೊಂದು ಕಡೆ ಆಗಿ, ಹಂಡೆಯಿಂದ ಮೇಲೆತ್ತಿದಾಗ ಹುಂಜ ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟ ಹಾಗೆ ಒಂದು ಕಡೆಗೆ ಬಾಗಿತ್ತು. ಅವಳು ಕತ್ತಿನೊಳಗೆ ಬಿದಿರಿನ ಸೀಳು ತೂರಿಸಿ ನೆಟ್ಟಗೆ ಮಾಡಲು ನೋಡಿದಳು. ಸೀಳಿನ ತುದಿ ಚರ್ಮ ಹರಿದು ಹೊರಗೆ ಬಂತು. ಹಿಂದಿನಿಂದ ತಮ್ಮನ ಹೆಂಡತಿ ಹುವೆ ಕಳಲೆ ಹೆಚ್ಚುತ್ತ ನಕ್ಕಳು. "ಅಕ್ಕಾ, ಏನಿದು? ಪಾಠ ಕೇಳ್ತಾ ತೂಕಡಿಸೋ ಹುಡುಗನ ಥರ ಇದೆ. ನಿಮ್ಮ ಫ್ರೆಂಚ್ ಕ್ಲಾಸಿಂದ ಹಿಡ್ಕೊಂಡು ಬಂದ್ರಾ?" ಲುವಾ ನಗಲು ಹೋದಳು, ನಗು ಬರಲಿಲ್ಲ. ಇವತ್ತು ಅಜ್ಜನ ತಿಥಿ. ಅಜ್ಜ ಬಾಂಗ್ ಚಾಂದ್ರಮಾನದ ಎರಡನೇ ತಿಂಗಳ ಇದೇ ಒಂಬತ್ತನೇ ದಿನ ಹೈಫಾಂಗ್ ಬಂದರಿನಿಂದ ಹಡಗು ಹತ್ತಿ ಹೋದ. ಆಗ ನಾಡನ್ನು ಆಳುತ್ತಿದ್ದ ಫ್ರೆಂಚರು ಮನೆಗೊಬ್ಬ ಗಂಡಸಿನಂತೆ ಊರೂರಿನಿಂದ ಎಳೆದುಕೊಂಡು, ಜರ್ಮನ್ನರ ಮೇಲಿನ ಅವರ ಯುದ್ಧಕ್ಕೆ ಮದ್ದುಗುಂಡು ತುಂಬಲು ಕರೆದೊಯ್ದವರಲ್ಲಿ ಅವನೂ ಒಬ್ಬ. ಮತ್ತೆ ಬರಲಿಲ್ಲ. ಸತ್ತ ದಿನ ಗೊತ್ತಿಲ್ಲದವರಿಗೆ ಮನೆ ಬಿಟ್ಟ ದಿನವೇ ಸತ್ತ ದಿನ. ಲುವಾ ಹುಟ್ಟುವುದಕ್ಕೆ ಮೊದಲಿನಿಂದಲೂ ಈ ದಿನ ಈ ಮನೆಯಲ್ಲಿ ಹುಂಜ ಬೇಯುತ್ತಿದೆ, ಕುಲದ ಗಂಡಸರೆಲ್ಲ ಬಂದು ಊದುಬತ್ತಿ ಹಚ್ಚಿ ತಲೆಬಾಗುತ್ತಿದ್ದಾರೆ. ಆದರೆ ಹದಿನೈದು ದಿನಗಳಿಂದ ಲುವಾಳೊಬ್ಬಳಿಗೆ ಗೊತ್ತಿರುವುದು ಬೇರೆ. ಅಜ್ಜ ಯುದ್ಧದಲ್ಲಿ ಸಾಯಲಿಲ್ಲ. ಫ್ರಾನ್ಸಿನ ದಕ್ಷಿಣದ ಒಂದು ಊರಿನಲ್ಲಿ ಇನ್ನೊಂದು ಮದುವೆಯಾಗಿ, ಮಗಳನ್ನು ಹೆತ್ತು, ತಲೆ ನರೆತು, ಸುಖವಾಗಿ ಹಾಸಿಗೆಯಲ್ಲಿ ಸತ್ತ. ಅವನು ಸತ್ತಾಗ ಲುವಾ ಪಟ್ಟಣದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅಂದರೆ ಈ ಮನೆಯವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಬದುಕಿ ಉಣ್ಣುತ್ತಿದ್ದ ಮನುಷ್ಯನಿಗೆ ಎಡೆ ಇಟ್ಟಿದ್ದರು. ಅದಕ್ಕಿಂತ ಅಪಶಕುನದ ಕೆಲಸ ಈ ಊರಿನಲ್ಲಿ ಇನ್ನೊಂದಿಲ್ಲ.

ಅಪ್ಪನಿಗೆ ಹೇಳಬೇಕೋ ಬೇಡವೋ. ಹುಂಜದ ಕತ್ತಿನ ನೆಪದಲ್ಲಿ ಅವಳು ಗುದ್ದಾಡುತ್ತಿದ್ದದ್ದು ಇದೇ ಪ್ರಶ್ನೆಯ ಜೊತೆ. ಅಪ್ಪ ದೊಯ್ ಈಗ ಎಪ್ಪತ್ತೆಂಟರ ಮುದುಕ. ಅಂಗಳದ ಬಿಸಿಲಿನಲ್ಲಿ ಕುಳಿತು, ಖಾಲಿ ಬಿದ್ದಿರುವ ರೇಷ್ಮೆಹುಳುವಿನ ತಟ್ಟೆಗಳನ್ನು ಯಾರೂ ಕೇಳದಿದ್ದರೂ ಒರೆಸುತ್ತಿದ್ದಾನೆ. ಅವನು ತಾಯಿಯ ಹೊಟ್ಟೆಯಲ್ಲಿದ್ದಾಗ ಅಜ್ಜ ಹಡಗು ಹತ್ತಿದ್ದು. ದೊಯ್ ಎಂದರೆ ಕಾಯುವುದು ಎಂದು ಅರ್ಥ. ಆ ಹೆಸರನ್ನು ಹೊತ್ತು ಅವನು ಇಡೀ ಜೀವನ ಕಳೆದ. ಕಂಡೇ ಇಲ್ಲದ ಅಪ್ಪನ ಮುಂದೆ ಪ್ರತಿ ವರ್ಷ ಮೂರು ಸಲ ಬಗ್ಗಿ ಎದ್ದ, ಮಂಡಿ ಹಿಡಿದ ಮೇಲೂ ಬಗ್ಗಿದ. ಇನ್ನು ಅವನ ತಾಯಿ, ತೀರಿಹೋದ ಮಿತ್ ಅಜ್ಜಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಬಂದ ಸಂಬಂಧಗಳನ್ನೆಲ್ಲ ಅಂಗಳದಿಂದಲೇ ಓಡಿಸಿ, ಹುಳು ಸಾಕಿ ನೂಲು ಬಿಚ್ಚಿ ಮಗನನ್ನು ಬೆಳೆಸಿದವಳು. ಕುಲದವರು ತಮ್ಮ ಸೊಸೆಯರಿಗೆ ಬುದ್ಧಿ ಹೇಳುವಾಗ ಅವಳ ಹೆಸರು ಎತ್ತುತ್ತಾರೆ. ನಿಜ ಹೊರಗೆ ಬಂದರೆ ಅದೇ ಜನ ಏನೆನ್ನುತ್ತಾರೆಂದು ಲುವಾಳಿಗೆ ಚೆನ್ನಾಗಿ ಗೊತ್ತು. ಪಾಪದ ಹೆಂಗಸು, ಅಲ್ಲಿ ಅವನು ಬಿಳಿ ಹೆಂಡತಿಯ ಪಕ್ಕದಲ್ಲಿ ಮಲಗಿದ್ದ, ಇಲ್ಲಿ ಇವಳು ಹುಂಜ ಬೇಯಿಸುತ್ತಿದ್ದಳು ಅನ್ನುತ್ತಾರೆ. ಅಂಥ ಮಾತು ಲುವಾಳಿಗೆ ಹೊಸದಲ್ಲ. ಅವಳ ಗಂಡ ದುಡಿಯಲು ಝೆಕ್ ದೇಶಕ್ಕೆ ಹೋಗಿ ಅಲ್ಲೇ ಇನ್ನೊಬ್ಬಳ ಜೊತೆ ಅಂಗಡಿ ಹಾಕಿಕೊಂಡಾಗ ಇದೇ ಬಾವಿಕಟ್ಟೆಯಲ್ಲಿ ಹೆಂಗಸರು "ಅಜ್ಜಿಯ ಹಾಗೇ ಮೊಮ್ಮಗಳು, ಕಾಯೋದು ಆ ಮನೆಗೆ ಬಂದ ಗುಣ" ಎಂದು ಕನಿಕರಪಟ್ಟಿದ್ದರು. ಆ ಕನಿಕರ ಅವಳ ಮೈಗೆ ಇನ್ನೂ ಅಂಟಿಕೊಂಡಿದೆ. ಅಜ್ಜಿಯ ಮೈಗೂ ಅದನ್ನು ಅಂಟಿಸಲು ಅವಳಿಗೆ ಮನಸ್ಸಿರಲಿಲ್ಲ.

ಇದನ್ನೆಲ್ಲ ಕೆದಕಿದವಳು ಅವಳೇ, ಯಾರೂ ಕೇಳಿರಲಿಲ್ಲ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಶುರು ಮಾಡಿದೆ ಎಂದು ಎಲ್ಲರಿಗೂ ಹೇಳಿದ್ದಳು, ಆದರೆ ಅದು ಸುಳ್ಳು. ಶಾಲೆಯಲ್ಲಿ ಫ್ರೆಂಚ್ ಕಲಿಯುವ ಮಕ್ಕಳು ಕರಗುತ್ತ ಕರಗುತ್ತ ಕೊನೆಗೆ ಇಲ್ಲವೇ ಆದಾಗ ಅವಳನ್ನು ಪ್ರಯೋಗಶಾಲೆಯ ಸಾಮಾನು ಕಾಯಲು ಕೂರಿಸಿದರು. ಗಾಜಿನ ನಳಿಗೆಗಳ ಧೂಳು ಒರೆಸುತ್ತ ಅವಳು ವರ್ಷಗಟ್ಟಲೆ ಒಳಗೊಳಗೇ ಕ್ರಿಯಾಪದಗಳನ್ನು ಹೇಳಿಕೊಳ್ಳುತ್ತಿದ್ದಳು. ಈ ಭಾಷೆಯಿಂದ ಒಂದು ಕೆಲಸವಾದರೂ ಆಗಲಿ ಎನ್ನುವ ಹಟ ಅದು. ಅದಕ್ಕಿಂತ ಹಳೆಯ ಹಟ ಇನ್ನೊಂದಿತ್ತು. ಚಿಕ್ಕವಳಿದ್ದಾಗ ಪ್ರತಿ ಮಳೆಗಾಲದ ಹುತಾತ್ಮರ ದಿನ ಶಾಲೆಯಲ್ಲಿ ಹೆಸರು ಕೂಗಿ ಹುತಾತ್ಮರ ಮನೆಯ ಮಕ್ಕಳನ್ನು ಮುಂದೆ ಕರೆಯುತ್ತಿದ್ದರು, ಪುಸ್ತಕ ಕೊಡುತ್ತಿದ್ದರು. ಅವರ ಮನೆಗಳ ಗೋಡೆಯ ಮೇಲೆ ಕೆಂಪು ನಕ್ಷತ್ರದ ಪ್ರಶಸ್ತಿಪತ್ರ ತೂಗುತ್ತಿತ್ತು. ಲುವಾಳ ಮನೆಯ ಗೋಡೆ ಬರಿದು. ಒಂದು ಸಲ ಅವಳು ಸುಮ್ಮನಿರಲಾರದೆ ಕೈಯೆತ್ತಿ "ನಮ್ಮಜ್ಜನೂ ಯುದ್ಧಕ್ಕೆ ಹೋಗಿದ್ದರು" ಎಂದಾಗ ಮೇಷ್ಟ್ರು "ಯಾರ ಕಡೆ?" ಎಂದು ಕೇಳಿದ್ದರು. ಇಡೀ ತರಗತಿ ನಕ್ಕಿತ್ತು. ಅಂದು ಸಂಜೆ ಅವಳು ಅಳುತ್ತ ಅಜ್ಜಿಯನ್ನು ಕೇಳಿದಳು, ಅಜ್ಜ ಯಾವ ಯುದ್ಧಕ್ಕೆ ಹೋದ್ರು ಎಂದು. ಅಜ್ಜಿ ಕುದಿಯುವ ನೀರಿನಲ್ಲಿ ಗೂಡು ತಿರುವುತ್ತಿದ್ದವಳು, ಎಳೆಯಿಂದ ಕಣ್ಣು ತೆಗೆಯದೆ "ಪರರ ಯುದ್ಧಕ್ಕೆ" ಎಂದಳು. ಆಮೇಲೆ ಮೊಮ್ಮಗಳ ಮುಖ ನೋಡಿ, ಬಿಸಿ ಹುಳು ಒಂದನ್ನು ಗೂಡಿನಿಂದ ತೆಗೆದು ಉಪ್ಪು ಹಚ್ಚಿ ಬಾಯಿಗೆ ಇಟ್ಟಳು.

ಫ್ರಾನ್ಸಿನಲ್ಲಿ ಹಾಗೆ ಹೋದವರ ಮಕ್ಕಳು ಮೊಮ್ಮಕ್ಕಳು ಸೇರಿ ಕಟ್ಟಿದ ಒಂದು ಸಂಘವಿತ್ತು. ಅವರಿಗೆ ಅಜ್ಜನ ಹೆಸರು, ಊರು, ಎಡಗಿವಿಯ ಕೆಳಗಿನ ಮಚ್ಚೆಯ ಗುರುತು ಕಳಿಸಿದ್ದಳು. ಏನೂ ಬರುವುದಿಲ್ಲ ಎಂದುಕೊಂಡಿದ್ದವಳಿಗೆ ಒಂದು ಮಧ್ಯಾಹ್ನ ಫೋನಿನ ಪರದೆಯ ಮೇಲೆ ಒಬ್ಬ ಮುದುಕಿ ಕಾಣಿಸಿಕೊಂಡಳು. ಜೊಜೆತ್ ಎಂದು ಹೆಸರು. ಕಣ್ಣು ನೀಲಿ, ಆದರೆ ಗಲ್ಲ ಅಪ್ಪನದು. ನೋಡನೋಡುತ್ತಿದ್ದಂತೆ ಲುವಾಳಿಗೆ ಅಪ್ಪನೇ ವೇಷ ಹಾಕಿಕೊಂಡು ಬಂದಂತೆನಿಸಿತು. ಜೊಜೆತ್ ಮಾತುಗಾರ್ತಿ. ಅವಳ ಅಪ್ಪ ಯುದ್ಧದಲ್ಲಿ ಮದ್ದಿನ ಕಾರ್ಖಾನೆಯಲ್ಲಿದ್ದನಂತೆ. ಅಂಗೈ ಹಳದಿ ಬಣ್ಣಕ್ಕೆ ತಿರುಗಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಯುದ್ಧ ಮುಗಿದ ಮೇಲೆ ನದಿ ಸಮುದ್ರ ಸೇರುವ ಕಡೆ ಉಪ್ಪು ನೆಲದಲ್ಲಿ ಭತ್ತ ನೆಟ್ಟನಂತೆ, ಅಲ್ಲೇ ಅವನಿಗೆ ಜೊಜೆತ್ ಅಮ್ಮ ಸಿಕ್ಕಳಂತೆ. ಹಾಡುತ್ತಿದ್ದನಂತೆ, ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದನಂತೆ. ಲುವಾ ಕೇಳುತ್ತ ಕೇಳುತ್ತ ಆ ಮನುಷ್ಯನನ್ನು ಮೆಚ್ಚತೊಡಗಿದ್ದಳು. ಅದನ್ನು ನೆನೆದರೆ ಈಗಲೂ ಅವಳಿಗೆ ನಾಚಿಕೆ. ಜೊಜೆತ್ ಸ್ಮಶಾನದ ಕಲ್ಲಿನ ಚಿತ್ರ ಕಳಿಸಿದಳು. ಹೆಸರಿತ್ತು, ಹುಟ್ಟಿದ ವರ್ಷ ಸತ್ತ ವರ್ಷ ಇದ್ದವು, ಪಕ್ಕದಲ್ಲಿ ಹೆಂಡತಿಯ ಹೆಸರಿತ್ತು. ಊರಿನಲ್ಲಿ ಅವರ ಮನೆಯವರು ಯಾರೂ ಇರಲಿಲ್ಲವೇ ಎಂದು ಲುವಾ ಕೇಳಿದಳು. "ಇಲ್ಲ, ಪಾಪ. ಎಲ್ಲರೂ ಪ್ರವಾಹದಲ್ಲಿ ಹೋದರು ಅಂತಿದ್ದರು ಅಪ್ಪ. ಆ ಮಾತು ಬಂದರೆ ಎದ್ದು ಹೊರಗೆ ಹೋಗ್ತಿದ್ದರು" ಎಂದಳು ಜೊಜೆತ್. ಆಮೇಲೆ, "ನೀವು ಅವರಿಗೆ ಏನಾಗಬೇಕು?" ಎಂದು ಕೇಳಿದಳು. ಒಂದು ಕಾಲಕ್ಕೆ ಆ ಭಾಷೆಯನ್ನೇ ಕಲಿಸುತ್ತಿದ್ದ ಲುವಾ ಅದರಲ್ಲಿ ಒಂದು ವಾಕ್ಯ ಹುಡುಕಿ, "ದೂರದ ಸಂಬಂಧ" ಎಂದಳು. ಹಾಗಂದು ಫೋನಿಟ್ಟು, ಹಿತ್ತಲಿಗೆ ಹೋಗಿ ನಿಂತಳು. ಅಂದರೆ ಅವನೂ ಇವರನ್ನೆಲ್ಲ ಮುಗಿಸಿದ್ದ. ಅದಕ್ಕೆ ಒಂದು ಹುಂಜವನ್ನೂ ಖರ್ಚು ಮಾಡಿರಲಿಲ್ಲ.

ಕಾರಿನ ಹಾರ್ನ್ ಕೇಳಿ ಹುವೆ ಚಾಕು ಬಿಸುಟು ಎದ್ದಳು. ತಮ್ಮ ಲಾಪ್ ಬಂದಿದ್ದ. ಹೈಫಾಂಗಿನಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಹಿಡಿದು ಹೊಟ್ಟೆ ಬೆಳೆಸಿಕೊಂಡಿದ್ದ ಅವನಿಗೆ ಈ ನಡುವೆ ಪೂರ್ವಿಕರ ಮೇಲೆ ಬಹಳ ಪ್ರೀತಿ. ಸತ್ತವರಿಗೆ ಸುಟ್ಟು ಕಳಿಸುವ ಕಾಗದದ ಸಾಮಾನುಗಳನ್ನು ಅವನು ಕಾರಿನ ಹಿಂಬದಿಯಿಂದ ಒಂದೊಂದಾಗಿ ಇಳಿಸಿದ. ಕಾಗದದ ಎರಡಂತಸ್ತಿನ ಮನೆ, ಕಾಗದದ ಕಾರು, ಅಜ್ಜಿಗೆ ಒಂದು ಜೊತೆ ನೇರಳೆ ಬಣ್ಣದ ರೇಷ್ಮೆಯಂಥ ಉಡುಪು. ಕೊನೆಗೆ ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದದ್ದು ಗಂಡಸಿನ ದಿರಿಸು: ದೊಡ್ಡ ಸೇನಾಧಿಕಾರಿಯ ಕೋಟು, ಟೋಪಿ, ಬೂಟು, ಎದೆಯ ತುಂಬ ಚಿನ್ನದ ಬಣ್ಣದ ಪದಕಗಳು. ಮೇಲೆ ಅಂಟಿಸಿದ ಚೀಟಿಯಲ್ಲಿ ಬಾಂಗ್ ಎಂದು ಬರೆದಿತ್ತು. ಲುವಾಳಿಗೆ ಗಾಜಿನ ನಳಿಗೆಗಳ ಕೋಣೆ ನೆನಪಾಯಿತು, ಯಾರ ಕಡೆ ಎಂದು ಕೇಳಿದ ಮೇಷ್ಟ್ರು ನೆನಪಾದರು, ಹಳದಿ ಅಂಗೈ ನೆನಪಾಯಿತು. "ಇದು ಯಾರ ಸೈನ್ಯದ್ದೋ?" ಎಂದು ಕೇಳಿದಳು. "ಅಂಗಡಿಯವನ ಸೈನ್ಯದ್ದು. ನೋಡೋಕೆ ಚೆನ್ನಾಗಿಲ್ವಾ?" ಎಂದು ಲಾಪ್ ನಕ್ಕ. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಆ ಫ್ರೆಂಚರಿಂದ ಏನಾದ್ರೂ ಬಂತಾ? ಸತ್ತ ತಾರೀಕು ಸಿಕ್ಕರೆ ಸಾಕು, ಕಲ್ಲು ಕೆತ್ತೋನು ಕಾಯ್ತಾ ಇದ್ದಾನೆ" ಎಂದ. ಲುವಾ "ಇಲ್ಲ" ಎಂದಳು. ಹದಿನೈದು ದಿನಗಳಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರತೊಡಗಿದೆ ಎಂದು ಅವಳಿಗೇ ಹೆದರಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಗಂಡಸರು ನಡುಮನೆಯ ಚಾಪೆಯ ಮೇಲೆ, ಹೆಂಗಸರು ಅಡುಗೆಮನೆಗೆ ಅಂಟಿದ ಜಗುಲಿಯಲ್ಲಿ ಕೂತರು. ಕುಲದ ಹಿರಿಯ ಫಾಮ್ ದೊಡ್ಡಪ್ಪ ಊದುಬತ್ತಿ ಹಚ್ಚಿ, ಅಜ್ಜನ ಹೆಸರು ಹಿಡಿದು ಊಟಕ್ಕೆ ಕರೆದ. ಪೀಠದ ಮೇಲೆ ಅಜ್ಜಿಯ ಪಟವಿತ್ತು. ಅಜ್ಜನದು ಪಟವಿಲ್ಲ, ಬರೀ ಒಂದು ಲೋಟ ಹೆಂಡ. ಅಪ್ಪ ಮೂರು ಸಲ ಬಗ್ಗಿದ. ಮೂರನೆಯ ಸಲ ಏಳಲಾರದೆ ಕೈಯೂರಿದಾಗ ಲುವಾ ಬಾಗಿಲಲ್ಲಿ ನಿಂತು ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಫೋನು ಅವಳ ಜೇಬಿನಲ್ಲೇ ಇತ್ತು, ಅದರೊಳಗೆ ಆ ಕಲ್ಲು ಇತ್ತು. ಊದುಬತ್ತಿ ಉರಿದು ಮುಗಿಯುವವರೆಗೆ ಹಿರೀಕರು ಉಣ್ಣುತ್ತಾರೆ, ಆಮೇಲೆ ಮನೆಯವರು. ಆ ನಡುವಿನ ಹೊತ್ತಿನಲ್ಲಿ ಲಾಪ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ನಾಳೆ ಬೆಳಿಗ್ಗೆ ಮೇಸ್ತ್ರಿಗಳು ಬರುತ್ತಾರೆಂದು ಹೇಳಿದ. ತೋಟದ ಅಂಚಿನಲ್ಲಿರುವ ಅಜ್ಜನ ಮಣ್ಣುದಿಬ್ಬವನ್ನು ಅಗೆದು, ಒಳಗಿರುವುದನ್ನು ಹೊಸ ಮಡಕೆಗೆ ತುಂಬಿ, ಮೇಲೆ ಕಪ್ಪು ಕಲ್ಲಿನ ಗೋರಿ ಕಟ್ಟಿಸುತ್ತಾನೆ. ಕುಲದ ಮಂದಿರದ ಕಲ್ಲಿನಲ್ಲಿ ಹುತಾತ್ಮರ ಸಾಲಿಗೆ ಬಾಂಗ್ ಹೆಸರನ್ನೂ ಸೇರಿಸಲು ದೊಡ್ಡಪ್ಪ ಒಪ್ಪಿದ್ದಾರೆ. ದೊಡ್ಡಪ್ಪ ತಲೆಯಾಡಿಸಿದ. "ಒಪ್ಪದೆ ಏನು? ಯಾರ ಯುದ್ಧ ಆದ್ರೇನು, ಯುದ್ಧದಲ್ಲಿ ಸತ್ತವನು ಸತ್ತವನೇ."

ದಿಬ್ಬದೊಳಗೆ ಏನಿದೆಯೆಂದು ಊರಿಗೆಲ್ಲ ಗೊತ್ತು. ಹೆಣ ಸಿಗದವರಿಗೆ ಹಿಪ್ಪುನೇರಳೆ ಕಡ್ಡಿ ಕಡಿದು ಎಲುಬು ಮಾಡುತ್ತಾರೆ, ಕೆರೆಯ ಜೇಡಿಮಣ್ಣು ಮೆತ್ತಿ ಮೈ ಮಾಡುತ್ತಾರೆ, ಹೆಸರು ಹಿಡಿದು ಕರೆದು ಅದರೊಳಗೆ ಪ್ರಾಣವನ್ನು ಕೂರಿಸಿ ಹೂಳುತ್ತಾರೆ. ಅಜ್ಜಿ ಅಂಥದ್ದೊಂದನ್ನು ಮಾಡಿದ್ದಳು. ಚಿಕ್ಕವರಿದ್ದಾಗ ಲುವಾ ಮತ್ತು ಲಾಪ್ ಆ ದಿಬ್ಬದ ಮೇಲೆ ಜಾರುತ್ತಿದ್ದರು, ಅಜ್ಜಿ ಬೈಯುತ್ತಿರಲಿಲ್ಲ. ಬೇರೆ ಗೋರಿಗಳ ಮೇಲೆ ಕಾಲಿಟ್ಟರೆ ಬರಲು ಹಿಡಿದು ಬರುತ್ತಿದ್ದವಳು ಅಜ್ಜನ ದಿಬ್ಬದ ಮೇಲೆ ಕುಣಿದರೂ ಸುಮ್ಮನಿರುತ್ತಿದ್ದಳು. ಈಗ ಯೋಚಿಸಿದರೆ ವಿಚಿತ್ರ ಅನ್ನಿಸುತ್ತದೆ.

"ಊದುಬತ್ತಿ ಆರೋದ್ರೊಳಗೆ ಬಟ್ಟೆ ಸುಟ್ಟುಬಿಡೋಣ" ಎಂದು ಲಾಪ್ ಕಾಗದದ ದಿರಿಸನ್ನು ಎತ್ತಿಕೊಂಡ. ಅಪ್ಪ, "ನಮ್ಮಲ್ಲಿ ಅವನಿಗೆ ಸುಡೋದಿಲ್ಲ" ಎಂದ.

"ಅಪ್ಪಾ, ಅದು ಹುಳು ಇದ್ದ ಕಾಲದ ಮಾತು. ಹೊಗೆ ಆಗೋಲ್ಲ ಅಂತ ಅಜ್ಜಿ ಬೇಡ ಅಂತಿದ್ದಳು. ಈಗ ಹುಳು ಎಲ್ಲಿದೆ?"

"ಹುಳುವಂತೆ!" ಫಾಮ್ ದೊಡ್ಡಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ನಿಮ್ಮಜ್ಜಿ ಕೈ ಬಿಗಿ ಕಣಯ್ಯಾ. ಗಂಡನಿಗೆ ಒಂದು ಕಾಗದದ ಚಡ್ಡಿ ಕೊಡೋಕೂ ಲೆಕ್ಕ ಹಾಕ್ತಿದ್ದಳು. ನಾನೇ ಒಂದ್ಸಲ ಕೇಳಿದೆ, ಅವನು ಅಲ್ಲಿ ಬತ್ತಲೆ ತಿರುಗಬೇಕೇನು ಚಿಕ್ಕಮ್ಮಾ ಅಂತ. ಏನಂದಳು ಗೊತ್ತಾ? ಅವನಿಗೆ ಬಟ್ಟೆಗೇನು ಕೊರತೆ ಅಂದಳು!"

ಗಂಡಸರೆಲ್ಲ ನಕ್ಕರು. ಜಗುಲಿಯ ಹೆಂಗಸರೂ ನಕ್ಕರು. ಲುವಾಳೂ ಈ ಕಥೆಗೆ ಎಷ್ಟೋ ಸಲ ನಕ್ಕವಳೇ. ಇವತ್ತು ನಗು ಅರ್ಧಕ್ಕೆ ನಿಂತಿತು. ಎರಡನೇ ತಿಂಗಳ ಒಂಬತ್ತು. ಹೊರಗೆ ತೋಟದಲ್ಲಿ ಹಿಪ್ಪುನೇರಳೆ ಈಗಷ್ಟೇ ಚಿಗುರೊಡೆಯುತ್ತಿದೆ. ಈ ತಿಂಗಳಲ್ಲಿ ಮನೆಯಲ್ಲಿ ಯಾವ ಹುಳು? ಮೊಟ್ಟೆಯಿರುತ್ತಿತ್ತು, ಹಾಳೆಗೆ ಅಂಟಿದ ಗಸಗಸೆಯಂಥ ಮೊಟ್ಟೆ. ಅದಕ್ಕೆ ಹೊಗೆಯೇನು, ಧೂಳೇನು. ಮುತ್ತಜ್ಜನ ತಿಥಿ ಬರುತ್ತಿದ್ದದ್ದು ಮೂರನೇ ತಿಂಗಳ ಕೊನೆಗೆ. ಆಗ ಹುಳು ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ, ಹಗಲೂ ರಾತ್ರಿ ಸೊಪ್ಪು ಮೇಯುತ್ತ, ನಡುಮನೆಯಲ್ಲಿ ಜಡಿಮಳೆಯ ಸದ್ದು. ಮೀನು ಹುರಿಯಲು ಕೂಡ ಅಜ್ಜಿ ಬಿಡುತ್ತಿರಲಿಲ್ಲ. ಅಂಥ ದಿನದಲ್ಲಿ ಅದೇ ಅಜ್ಜಿ, ಇದೇ ಅಂಗಳದ ಮೂಲೆಯಲ್ಲಿ, ಮಾವನಿಗೆ ಟೋಪಿಯಿಂದ ಚಪ್ಪಲಿಯವರೆಗೆ ಎಲ್ಲವನ್ನೂ ಮಗನ ಕೈಯಲ್ಲಿ ಸುಡಿಸಿ ಕಳಿಸುತ್ತಿದ್ದಳು. ಚಿಕ್ಕ ಲುವಾ ಹುಳುವಿನ ತಟ್ಟೆಗಳಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಹುಳುವಿದ್ದ ತಿಂಗಳಲ್ಲಿ ಬೆಂಕಿ, ಹುಳುವಿಲ್ಲದ ತಿಂಗಳಲ್ಲಿ ಹುಳುವಿನ ನೆಪ. ಸುಟ್ಟದ್ದು ತಲುಪುವುದು ಸತ್ತವರಿಗೆ ಮಾತ್ರ. ಲುವಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ಇನ್ನೊಂದು ಕಥೆಯಿತ್ತು, ಅಪ್ಪ ಹೇಳಿ ಹೇಳಿ ಸವೆದದ್ದು, ಸಾಬೂನಿನ ಕಥೆ. ಅಪ್ಪ ಹನ್ನೆರಡರ ಹುಡುಗನಿದ್ದಾಗ ಬಿಳಿ ಬೂಟಿನ ಒಬ್ಬ ಮನುಷ್ಯ ಮನೆಗೆ ಬಂದು ಚಹಾ ಕುಡಿದು ಹೋದ. ಒಂದು ಕಟ್ಟು ಸಾಬೂನು ಕೊಟ್ಟು ಹೋದ. ಅಂಥ ಪರಿಮಳ ಊರಲ್ಲೇ ಯಾರೂ ಮೂಸಿರಲಿಲ್ಲ. ಮಗ ಮೈಗೆ ಹಚ್ಚಿಕೊಳ್ಳುವ ಮೊದಲೇ ತಾಯಿ ಅದನ್ನೆಲ್ಲ ಕೆರೆಗೆ ಎಸೆದಳು. ಆ ವರ್ಷ ಕೆರೆಯ ಮೀನಿಗೆಲ್ಲ ಗುಲಾಬಿಯ ವಾಸನೆ ಬಂತು ಎನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು. ಆ ಬೂಟಿನವನು ಎಲ್ಲಿಂದ ಬಂದಿದ್ದ ಎಂದು ಯಾರೂ ಕೇಳಿರಲಿಲ್ಲ. ಅಜ್ಜನ ಜೊತೆ ಹೋದವರನ್ನು ಹೊತ್ತು ಫ್ರಾನ್ಸಿನಿಂದ ಕೊನೆಯ ಹಡಗುಗಳು ಬಂದದ್ದು ಆ ವರ್ಷವೇ. ದಿಬ್ಬ ಎದ್ದದ್ದೂ ಆ ವರ್ಷವೇ.

ಅಜ್ಜಿಗೆ ಗೊತ್ತಿತ್ತು. ಅವನು ಬದುಕಿದ್ದಾನೆಂದು, ಎಲ್ಲಿದ್ದಾನೆಂದು, ಯಾರ ಜೊತೆ ಇದ್ದಾನೆಂದು ಗೊತ್ತಿತ್ತು. ಗೊತ್ತಿದ್ದೇ ಕಡ್ಡಿ ಕಡಿಸಿ, ಮಣ್ಣು ಮೆತ್ತಿ, ಹೆಸರು ಕೂಗಿ, ಬದುಕಿದ್ದ ಗಂಡನನ್ನು ತನ್ನ ತೋಟದ ಅಂಚಿನಲ್ಲಿ ಹೂತುಬಿಟ್ಟಿದ್ದಳು. ಹದಿನೈದು ದಿನ ತಾನು ಯಾರಿಗಾಗಿ ಕನಿಕರಪಟ್ಟು ಸುಳ್ಳು ಹೇಳಿದೆ? ಬಾವಿಕಟ್ಟೆಯ ಹೆಂಗಸರ ಹಾಗೆಯೇ ತಾನೂ ಅಜ್ಜಿಯನ್ನು ಪಾಪದವಳು ಎಂದುಕೊಂಡೆನಲ್ಲ ಎಂದು ಅವಳಿಗೆ ಕೆನ್ನೆ ಬಿಸಿಯಾಯಿತು. ಮರುಗಳಿಗೆಯಲ್ಲೇ ಒಂದು ಖುಷಿ, ಹೊಟ್ಟೆಯೊಳಗಿಂದ ನಗುವಿನ ಹಾಗೆ ಎದ್ದ ಖುಷಿ. ಅವಳು ಹೆಂಗಸರ ಜಗುಲಿ ದಾಟಿ ಗಂಡಸರ ಚಾಪೆಯ ಮೇಲೆ ಕಾಲಿಟ್ಟಳು. ಹುವೆ ಹಿಂದಿನಿಂದ "ಅಕ್ಕಾ, ಅಲ್ಲೆಲ್ಲಿಗೆ?" ಎಂದು ಪಿಸುಗುಟ್ಟಿದ್ದು ಕೇಳಿಸಿತು.

"ದೊಡ್ಡಪ್ಪಾ, ಅಜ್ಜನ ಹೆಸರು ಹುತಾತ್ಮರ ಸಾಲಿನಲ್ಲಿ ಹಾಕಬೇಡಿ. ಅವರು ಯುದ್ಧದಲ್ಲಿ ಸಾಯಲಿಲ್ಲ."

ಲಾಪ್ ಕಾಗದದ ಕೋಟನ್ನು ಎದೆಗವಚಿಕೊಂಡು ನಿಂತಿದ್ದ. "ಏನಕ್ಕಾ ನೀನು? ಏನೂ ಸಿಗಲಿಲ್ಲ ಅಂದೆಯಲ್ಲ?"

"ಸುಳ್ಳು ಹೇಳಿದೆ." ಅವಳು ಫೋನು ತೆಗೆದು ಅಪ್ಪನ ಮುಂದೆ ಕೂತಳು. "ಅಪ್ಪಾ, ಅವರು ಫ್ರಾನ್ಸಿನಲ್ಲೇ ಉಳಿದರು. ಮದುವೆ ಆದರು. ನಿನಗೊಬ್ಬಳು ತಂಗಿ ಇದ್ದಾಳೆ. ಅವರು ತೀರಿಹೋದಾಗ ನಿನಗೆ ನಲವತ್ತೇಳು ವರ್ಷ. ಇದು ಅವರ ಗೋರಿ."

ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ನೋಡಿದ. ಸುತ್ತ ಯಾರೋ "ಅಯ್ಯೋ, ಅಪಚಾರ" ಎಂದರು. ಮತ್ತೊಬ್ಬರು, ಬದುಕಿದ್ದವನಿಗೆ ಎಡೆಯಿಟ್ಟರೆ ಸಂತಾನಕ್ಕೆ ಕೇಡು ಎಂದರು. ಇನ್ನೊಬ್ಬ ನಗು ತಡೆಯಲಾರದೆ, "ಹಂಗಾದ್ರೆ ಮಿತ್ ಅಜ್ಜಿ ಇಷ್ಟು ವರ್ಷ ಯಾರಿಗೆ ಹುಂಜ ತಿನ್ನಿಸಿದಳು? ಪಾಪ, ಪೆದ್ದು ಹೆಂಗಸು" ಎಂದ. ಆ ಮಾತು ಬರುತ್ತದೆಂದು ಲುವಾ ಹದಿನೈದು ದಿನಗಳಿಂದ ಹೆದರಿ ಕೂತಿದ್ದಳು. ಈಗ ಬಂದಾಗ ಅದು ತಾಗಲಿಲ್ಲ.

"ಪೆದ್ದು ನಾವು. ಅವಳಿಗೆ ಎಲ್ಲ ಗೊತ್ತಿತ್ತು" ಎಂದಳು. "ಮುತ್ತಜ್ಜನಿಗೆ ಹುಳು ಮೇಯೋ ಕಾಲದಲ್ಲೂ ಬಟ್ಟೆ ಸುಡಿಸಿದಳು. ಇವರಿಗೆ ಒಂದು ನೂಲೂ ಸುಡಲಿಲ್ಲ. ಬದುಕಿದ್ದೋರಿಗೆ ಯಾರು ಸುಡ್ತಾರೆ ದೊಡ್ಡಪ್ಪಾ? ಬಟ್ಟೆಗೇನು ಕೊರತೆ ಅಂತ ನಿಮಗೇ ಹೇಳಿದಳಲ್ಲ, ನೀವು ನಕ್ಕಿರಿ. ಸಾಬೂನು ತಂದೋನು ಸುದ್ದಿ ತಂದಿದ್ದ. ಅವಳು ಕೂತು ಅಳಲಿಲ್ಲ. ಅವನನ್ನ ಮಣ್ಣು ಮಾಡಿದಳು."

ಊದುಬತ್ತಿ ಕೊನೆಯ ಬೂದಿ ಉದುರಿಸಿತು. ಲುವಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ತಾನು ಮುರಿದದ್ದು ಇದನ್ನೇ ಏನೋ, ಎಪ್ಪತ್ತೆಂಟು ವರ್ಷದ ಈ ಮುಖವನ್ನೇ ಏನೋ ಎಂದುಕೊಂಡಳು. ಅಪ್ಪ ಪರದೆಯ ಮೇಲಿನ ಕಲ್ಲನ್ನು ಹೆಬ್ಬೆರಳಿನಿಂದ ಒರೆಸಿದ. ಹುಳುವಿನ ತಟ್ಟೆ ಒರೆಸಿದ ಹಾಗೆಯೇ ಒರೆಸಿ, ಫೋನನ್ನು ಅವಳ ಕೈಗೆ ಕೊಟ್ಟ.

"ಕಡ್ಡಿ ಕಡಿದೋನು ನಾನೇ" ಎಂದ. "ಮಳೆ ಬರ್ತಿತ್ತು. ಅಮ್ಮ ಹೇಳಿದಳು, ದಪ್ಪಂದು ಕಾಲಿಗೆ, ಸಣ್ಣದು ಪಕ್ಕೆಲುಬಿಗೆ, ಗಂಟಿಲ್ಲದ್ದು ನೋಡಿ ಕಡಿ ಅಂತ. ಆ ಬೂಟಿನವನು ಒಂದು ಫೋಟೋ ಕೊಟ್ಟಿದ್ದ. ಅದನ್ನ ಮಣ್ಣಿನ ಎದೆ ಒಳಗೆ ಇಟ್ಟು ಮೆತ್ತಿದಳು. ನನಗೆ ತೋರಿಸಲಿಲ್ಲ. ನಾನು ಹನ್ನೆರಡು ವರ್ಷದೋನು, ಹುಚ್ಚನೇನಲ್ಲ. ಕೇಳಿದ್ರೆ ಹೇಳ್ತಿದ್ದಳು. ಕೇಳಲಿಲ್ಲ."

"ಅಪ್ಪಾ, ಗೊತ್ತಿದ್ದೂ ಇಷ್ಟು ವರ್ಷ ಬಗ್ಗಿದ್ಯಾ?" ಲಾಪ್‌ನ ದನಿ ಒಡೆದಿತ್ತು.

"ಅಮ್ಮ ಬಗ್ಗು ಅಂದಳು, ಬಗ್ಗಿದೆ. ಅವನಿಗಲ್ಲ." ಅಪ್ಪ ಪೀಠದ ಮೇಲಿನ ಪಟದ ಕಡೆಗೆ ಗಲ್ಲ ಚಾಚಿದ. "ಪಟ ಯಾರದ್ದಿದೆ ನೋಡು."

ಫಾಮ್ ದೊಡ್ಡಪ್ಪ ಕೆಮ್ಮಿ, ಹಿರಿಯನಿಗೆ ತಕ್ಕ ದನಿ ತಂದುಕೊಂಡ. ಆದದ್ದು ಆಯಿತು, ಇನ್ನು ಮುಂದಾದರೂ ಸರಿಪಡಿಸಬೇಕು. ಕಲ್ಲಿನ ಮೇಲೆ ಸತ್ತ ದಿನ ಇದ್ದರೆ ಪಂಚಾಂಗ ನೋಡಿ ಆ ದಿನಕ್ಕೆ ತಿಥಿ ಬದಲಾಯಿಸಬೇಕು. ಈ ದಿನ ತಪ್ಪು ದಿನ, ತಪ್ಪು ದಿನದ ಊಟ ಹಿರೀಕರಿಗೆ ಮುಟ್ಟುವುದಿಲ್ಲ ಎಂದ. ಅಪ್ಪ ಎದ್ದ. ಮಂಡಿ ಸದ್ದು ಮಾಡಿತು. ಲುವಾ ಹಿಡಿಯಹೋದರೆ ಕೈ ತಳ್ಳಿದ.

"ಆ ದಿನ ಅವರದು, ಅಲ್ಲಿಯ ಮಗಳು ಮಾಡ್ಕೊಳ್ಳಲಿ. ಈ ಮನೇಲಿ ಅವನು ನಮ್ಮಮ್ಮ ಹೇಳಿದ ದಿನ ಸತ್ತ. ಬದಲಾಯಿಸೋಕೆ ನೀನ್ಯಾರು, ನಾನ್ಯಾರು? ಲಾಪ್, ದಿಬ್ಬಕ್ಕೆ ಗುದ್ದಲಿ ಹಾಕಿದ್ರೆ ಕೈ ಮುರೀತೀನಿ. ಅದು ಅವನ ಗೋರಿ ಅಲ್ಲ, ನಮ್ಮಮ್ಮ ಮಾಡಿದ ಕೆಲಸ."

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಹೋಗುತ್ತಾನೆಂದುಕೊಂಡರೆ ಹೋಗಲಿಲ್ಲ; ಹುಂಜವನ್ನು ಇನ್ನೂ ಕತ್ತರಿಸಿ ಬಡಿಸಿರಲಿಲ್ಲ. ಲಾಪ್ ಅಂಗಳದಲ್ಲಿ ತನ್ನ ಕಾಗದದ ಸೇನಾಧಿಕಾರಿಯನ್ನು ಹಿಡಿದುಕೊಂಡು, ಬಸ್ಸು ತಪ್ಪಿಸಿಕೊಂಡವನ ಹಾಗೆ ನಿಂತಿದ್ದ. ಲುವಾಳಿಗೆ ಅವನ ಮೇಲೆ ತಟ್ಟನೆ ಮಮತೆ ಬಂತು. ಬರಿದಾದ ಗೋಡೆಯ ಕೆಳಗೆ ಅವನೂ ಬೆಳೆದವನೇ. ಅವನೂ ಹೆಸರು ಕೂಗುವಾಗ ಕೂತೇ ಇದ್ದವನು. "ಅಜ್ಜ ದೊಡ್ಡ ಮನುಷ್ಯ ಅಲ್ಲ ಕಣೋ. ದ್ರೋಹೀನೂ ಅಲ್ಲ. ಹಿಡ್ಕೊಂಡು ಹೋದ್ರು, ಕೈ ಹಳದಿ ಆಗೋ ತನಕ ದುಡಿಸಿಕೊಂಡ್ರು, ಆಮೇಲೆ ಬರಲಿಲ್ಲ. ಅಷ್ಟೇ. ಅಷ್ಟನ್ನೇ ಹೇಳೋಣ" ಎಂದಳು. ನಾಳೆ ಜೊಜೆತ್‌ಗೆ ಫೋನು ಮಾಡಿ ತಾನು ಯಾರೆಂದು ಹೇಳಬೇಕು, ಯಾವ ಪ್ರವಾಹವೂ ಬಂದಿರಲಿಲ್ಲ ಎಂದು ಹೇಳಬೇಕು ಎಂದುಕೊಂಡಳು. ವಾಕ್ಯ ಈ ಸಲ ಹುಡುಕದೆಯೇ ಸಿಕ್ಕಿತು.

"ಅದೆಲ್ಲ ಸರಿ" ಎಂದ ಲಾಪ್, ಮೂಗು ಒರೆಸಿಕೊಳ್ಳುತ್ತ. "ಈಗ ನಿಜವಾಗಲೂ ಸತ್ತಿದ್ದಾನಲ್ಲ. ಅಲ್ಲಿಯವರು ಬಟ್ಟೆ ಸುಡೋದಿಲ್ಲ. ನಾವೂ ಸುಟ್ಟಿಲ್ಲ. ಅಂದ್ರೆ ಮೂವತ್ತು ವರ್ಷದಿಂದ ಅಲ್ಲಿ ಬತ್ತಲೆ ನಿಂತಿದ್ದಾನಾ?"

ಒಂದು ಗಳಿಗೆ ಎಲ್ಲರೂ ಅದನ್ನು ಕಣ್ಣಿಗೆ ತಂದುಕೊಂಡರು. ಮೊದಲು ನಕ್ಕವಳು ಹುವೆ, ಆಮೇಲೆ ಅಪ್ಪ. ಅಪ್ಪ ಹಾಗೆ ಭುಜ ಕುಣಿಸಿ ನಕ್ಕದ್ದನ್ನು ಲುವಾ ನೋಡಿಯೇ ಇರಲಿಲ್ಲ. ನಕ್ಕು ಕಣ್ಣೊರೆಸಿಕೊಂಡು, "ಕೊಡಿಲ್ಲಿ ಆ ಕೋಟು" ಎಂದ. ಲಾಪ್ ಕೊಟ್ಟ. ಅಪ್ಪ ಎದೆಯ ಮೇಲಿನ ಪದಕಗಳನ್ನು ಒಂದೊಂದಾಗಿ ಕಿತ್ತು ಕೆಳಗೆ ಹಾಕಿದ, ಬಾಂಗ್ ಎಂದು ಬರೆದ ಚೀಟಿಯನ್ನೂ ಕಿತ್ತ. ಲುವಾಳ ಕಡೆಗೆ ತಿರುಗಿ, "ಬರಿ, ಮೇಷ್ಟ್ರಮ್ಮಾ. ಅಮ್ಮನ ಹೆಸರು ಬರಿ" ಎಂದ.

"ಗಂಡಸಿನ ಬಟ್ಟೆಗೆ ಹೆಂಗಸಿನ ಹೆಸರೇ?" ದೊಡ್ಡಪ್ಪ ನಡುಮನೆಯಿಂದ ಕೂಗಿದ. ಲುವಾ ಚೀಟಿಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಮಿತ್ ಎಂದು ಬರೆದು ಕೋಟಿನ ಮೇಲೆ ಅಂಟಿಸಿದಳು. ಅಜ್ಜಿಯ ನೇರಳೆ ಉಡುಪಿನ ಜೊತೆಗೆ ಅದನ್ನೂ ಸೇರಿಸಿ ಅಂಗಳದ ಮೂಲೆಯಲ್ಲಿ ಇಟ್ಟರು. ಬೆಂಕಿ ಕೊಡುವುದು ಗಂಡುಮಗನ ಕೆಲಸ. ಅಪ್ಪ ಬೆಂಕಿಪೊಟ್ಟಣವನ್ನು ಮಗಳ ಕೈಗೆ ಇಟ್ಟು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ತೋಟದ ಆಚೆಗೂ ಕೇಳುವ ಹಾಗೆ ಕೂಗಿದ. "ಅಮ್ಮಾ! ನಿನ್ನ ಬಟ್ಟೆ ಬರ್ತಾ ಇದೆ. ಜೊತೆಗೆ ಗಂಡಸಿಂದು ಒಂದು ಜೊತೆ ಇದೆ. ಅವನು ಅಲ್ಲೇ ಎಲ್ಲೋ ಇರ್ತಾನೆ. ಕೊಡೋದು ಬಿಡೋದು ನಿನಗೆ ಬಿಟ್ಟಿದ್ದು!"

ಲುವಾ ಕಡ್ಡಿ ಗೀರಿದಳು.